ಹಲಗೆ ಕಾಯುವ ಅಜ್ಜನ ಖಾಲಿ ಗೂಟ

ಇನ್ನೂ ಬೆಳಕು ಹರಿದಿಲ್ಲ. ತಮೋತ್ಸು ಅಜ್ಜ ಬಿದಿರು ಪೊರಕೆ ಹಿಡಿದು ಸ್ಕೀ ಒರಗಿಸುವ ಸ್ಟ್ಯಾಂಡುಗಳ ಮೇಲಿನ ಹಿಮ ಗುಡಿಸುತ್ತಿದ್ದಾರೆ. ರಾತ್ರಿ ಬಿದ್ದ ಹಿಮ ಹಗುರವಾಗಿದೆ, ಪೊರಕೆ ತಾಗಿದರೆ ಸಾಕು, ಸದ್ದಿಲ್ಲದೆ ಜಾರಿ ಬೀಳುತ್ತದೆ. ಗೂಟಗಳ ಸಂದಿಯಲ್ಲಿ ಕಚ್ಚಿಕೊಂಡ ಮಂಜುಗಡ್ಡೆಗೆ ಮಾತ್ರ ಪುಟ್ಟ ಮರದ ಕೊಡತಿ ಬೇಕು. ಮೆಲ್ಲಗೆ ಒಂದೆರಡು ಏಟು, ಆಮೇಲೆ ಕೈಗವಸಿನ ಬೆರಳಿನಿಂದ ಒರೆಸುವುದು, ಪಕ್ಕದ ಗೂಟಕ್ಕೆ ಸರಿಯುವುದು. ಒಂದು ಸಾಲು ಮುಗಿದರೆ ಇನ್ನೊಂದು ಸಾಲು. ಬಾಯಿಂದ ಹೊಗೆಯಂತೆ ಉಸಿರು ಬರುತ್ತದೆ.

ಕ್ಯಾಂಟೀನಿನ ಬಾಗಿಲಿಗೆ ಎದುರಾಗಿರುವ ಸಾಲನ್ನು ಅವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ಆ ಸಾಲಿನಲ್ಲಿ ಎಡದಿಂದ ನಾಲ್ಕನೆಯ ಗೂಟಕ್ಕೆ ಹೋದ ವರ್ಷದ ಫೆಬ್ರುವರಿಯಿಂದ ಯಾರೂ ಏನನ್ನೂ ಒರಗಿಸಿಲ್ಲ. ಅದರ ಹಿಮವನ್ನೂ ಅಜ್ಜ ತೆಗೆಯುತ್ತಾರೆ. ಉಳಿದವುಗಳಿಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಶಾಲೆ ಬಿಟ್ಟ ವರ್ಷದಿಂದ ನಾನು ಈ ಕ್ಯಾಂಟೀನಿನ ಅಡುಗೆಮನೆಯಲ್ಲಿದ್ದೇನೆ. ಬಾಗಿಲ ಪಕ್ಕದ ಹಿಮದಲ್ಲಿ ಕೆಡದಂತೆ ಹೂತಿಟ್ಟ ಮೂಲಂಗಿ ಅಗೆದು ತೆಗೆಯುವಾಗ ದಿನವೂ ಇದು ಕಣ್ಣಿಗೆ ಬೀಳುತ್ತದೆ.

ಸುಗಿನೊಕುರಾದ ಸ್ಕೀ ಇಳಿಜಾರಿಗೆ ಬಂದವರೆಲ್ಲ ಹೊಶಿನಾ ತಮೋತ್ಸು ಅವರ ಕೈಗೆ ಒಮ್ಮೆಯಾದರೂ ತಮ್ಮ ಸ್ಕೀಗಳನ್ನು ಕೊಟ್ಟಿರುತ್ತಾರೆ. ಅವರ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಜನರನ್ನು ಕೂರಿಸಿ ಗುಡ್ಡಕ್ಕೆ ಒಯ್ಯುವ ಲಿಫ್ಟಿನ ಬುಡದಲ್ಲಿ, ಕ್ಯಾಂಟೀನಿನ ಪಕ್ಕದಲ್ಲಿ, ನಾಲ್ಕು ಹಲಗೆ ಬಡಿದು ಮಾಡಿದ ಗೂಡು ಅವರದು. ಒಳಗೆ ಸೀಮೆಎಣ್ಣೆ ಒಲೆ, ಒಂದು ಸ್ಟೂಲು, ಒಂದು ಮೈಕು. ವಯಸ್ಸು ಎಪ್ಪತ್ತನಾಲ್ಕು. ಮೊದಲು ಲಿಫ್ಟ್ ನಡೆಸುತ್ತಿದ್ದರು. ಸೊಂಟಕ್ಕೆ ಪೆಟ್ಟಾದ ಮೇಲೆ ಕಂಪನಿ ಅವರನ್ನು ಈ ಗೂಡಿಗೆ ಇಳಿಸಿತು. ಬೇಸಿಗೆಯಲ್ಲಿ ನೂಡಲ್ಸಿನ ಹಿಟ್ಟಿಗಾಗುವ ಸೋಬಾ ಕಾಳು ಬೆಳೆಯುತ್ತಾರೆ, ಚಳಿಗಾಲದಲ್ಲಿ ಹಲಗೆ ಕಾಯುತ್ತಾರೆ. ಸ್ಕೀಗೆ ನಾವು ಇಲ್ಲಿ ಹಲಗೆ ಎಂದೇ ಅನ್ನುವುದು.

ಹಲಗೆ ಕಟ್ಟಿಕೊಂಡು ಕ್ಯಾಂಟೀನಿನೊಳಗೆ ಬರಲಾಗದು. ಬಿಚ್ಚಿ ಹೊರಗೆ ಇಡಲೇಬೇಕು. ಬಿಸಿ ಬಿಸಿ ರಾಮೆನ್ ನೂಡಲ್ಸಿನ ಮುಂದೆ ಕೂತವರಿಗೆ ಹೊರಗಿನ ಹಲಗೆಯ ಚಿಂತೆ ಇರುವುದಿಲ್ಲ. ಕಳ್ಳತನ ಆಗುವುದು ಆಗಲೇ.

"ಹೊಟ್ಟೆ ಹಸಿದವನಿಗೆ ಹಲಗೆ ನೆನಪಿರಲ್ಲ" ಎನ್ನುತ್ತಾರೆ ಅಜ್ಜ. "ಕಳ್ಳ ಮಾತ್ರ ಮನೇಲೇ ಊಟ ಮುಗಿಸ್ಕೊಂಡು ಬಂದಿರ್ತಾನೆ."

ಶನಿವಾರ, ಭಾನುವಾರ ಟೋಕಿಯೊ ಬಸ್ಸುಗಳು ಬಂದರೆ ಅವರ ಕೈಗೆ ಐನೂರು ಜೋಡಿಯ ಮೇಲೆ ಬರುತ್ತವೆ. ಅವರ ಪದ್ಧತಿ ಸರಳ. ಜೋಡಿಯನ್ನು ಜೋಡಿಯಾಗಿ ಇಡುವುದಿಲ್ಲ. ಒಂದು ಹಲಗೆ ಮೂಡಣ ಸಾಲಿಗೆ, ಇನ್ನೊಂದು ಪಡುವಣ ಸಾಲಿಗೆ. ನಡುವೆ ಕ್ಯಾಂಟೀನಿನ ಉದ್ದಕ್ಕೂ ನಡೆಯಬೇಕು. ಕೊಟ್ಟವರಿಗೆ ಒಂದು ಮರದ ಬಿಲ್ಲೆಯ ಅರ್ಧ. ಅದರ ಇನ್ನರ್ಧ ಗೂಡಿನಲ್ಲಿ ನೇತಾಡುತ್ತಿರುತ್ತದೆ. ಎರಡೂ ತುಂಡು ಕೂಡಿದರೆ ಮಾತ್ರ ಎರಡೂ ಹಲಗೆ ಕೂಡುತ್ತವೆ. ಒಂಟಿ ಹಲಗೆಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ಮಾರಲು ಬರುವುದಿಲ್ಲ, ಒಲೆಗೆ ಹಾಕಿದರೆ ನಾರುತ್ತದೆ.

ಹೊಸಬರು ಗಾಬರಿಯಾಗುತ್ತಾರೆ. ಹೋದ ವಾರ ಟೋಕಿಯೊದ ಯುವಕನೊಬ್ಬ ಗೂಡಿನ ಕಿಟಕಿಗೆ ಮುಖ ತೂರಿಸಿ ಕೂಗಿಕೊಂಡ: "ತಾತಾ, ನನ್ನ ಇನ್ನೊಂದು ಹಲಗೆ ಎಲ್ರೀ?"

"ಅವೆರಡೂ ಜಗಳ ಆಡ್ಕೊಂಡ್ವು. ಒಂದು ಮುನಿಸ್ಕೊಂಡು ಆ ಕಡೆ ಹೋಗಿದೆ. ಬಿಲ್ಲೆ ತೋರಿಸು, ರಾಜಿ ಮಾಡಿಸ್ತೀನಿ."

ಸಿಕ್ಕಿದ ವಸ್ತುಗಳನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸವೂ ಅವರದೇ. ಇಳಿಜಾರಿನ ಕಂಬಗಳಿಗೆಲ್ಲ ಕಟ್ಟಿದ ಧ್ವನಿವರ್ಧಕಗಳು ಕೆಳಗಿನ ಊರಿಗೂ ಕೇಳಿಸುತ್ತವೆ. "ಒಂದು ಹಲ್ಲಿನ ಸೆಟ್ ಸಿಕ್ಕಿದೆ. ಕಳ್ಕೊಂಡವರು ಮಾತಾಡೋ ಶ್ರಮ ತಗೋಬೇಡಿ, ಸುಮ್ನೆ ಬಂದು ಕೈ ಚಾಚಿ" ಎಂದು ಒಮ್ಮೆ ಹೇಳಿದ್ದನ್ನು ಊರು ಇವತ್ತಿಗೂ ನೆನೆಸಿಕೊಂಡು ನಗುತ್ತದೆ. ಅವರ ಹೆಂಡತಿ ಫುಸಾಎ ಅಜ್ಜಿಗೆ ಆ ನಗು ಒಗ್ಗುವುದಿಲ್ಲ. "ಮನೇಲಿ ಮೂರು ಮಾತು ಕೇಳಿದ್ರೆ ಒಂದಕ್ಕೆ ಹೂಂ ಅಂತಾರೆ. ಮೈಕ್ ಕಂಡ್ರೆ ಮಾತ್ರ ನಾಲಿಗೆ ಬಿಚ್ಚೋದು. ನಾನೂ ಒಂದು ಮೈಕ್ ತಂದು ಒಲೆ ಹತ್ರ ನೇತು ಹಾಕ್ಬೇಕು" ಎನ್ನುತ್ತಾ ಮಧ್ಯಾಹ್ನದ ಓಯಾಕಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಾರೆ. ಒಳಗೆ ಉಪ್ಪು ಹಾಕಿದ ಸೊಪ್ಪು, ಹೊರಗೆ ಬೂದಿಯಲ್ಲಿ ಸುಟ್ಟ ಹಿಟ್ಟು. ಅಜ್ಜ ಅವನ್ನು ಒಲೆಯ ಮೇಲಿಟ್ಟು ಮರೆಯುತ್ತಾರೆ. ಬಿಡುವು ಸಿಗುವ ಹೊತ್ತಿಗೆ ಒಂದು ಮೈ ಕಪ್ಪಾಗಿರುತ್ತದೆ.

ಇಷ್ಟೆಲ್ಲ ಕಾವಲು ಹೊರಗಿನವರ ಹಲಗೆಗಳಿಗೆ. ಬಾಗಿಲಿನ ಎದುರು ಸಾಲು ಊರಿನವರದು. ಅಲ್ಲಿ ಬಿಲ್ಲೆ ಇಲ್ಲ, ಜೋಡಿಗಳನ್ನು ಬೇರೆ ಮಾಡುವುದೂ ಇಲ್ಲ.

ನಮ್ಮೂರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೊಶಿನಾಗಳೇ. ಹಾಗಾಗಿ ಹೊಶಿನಾ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಬಡಗಿ ಮನೆ, ಮೇಲಿನ ಮನೆ, ಗಿರಣಿ ಮನೆ ಹೀಗೆ ಮನೆಯ ಹೆಸರಿನಿಂದಲೇ ಕರೆಯುವುದು. ಗಿರಣಿ ಯಾವಾಗಲೋ ಬಿದ್ದುಹೋಯಿತು, ಹೊಳೆಯೂ ದಿಕ್ಕು ಬದಲಿಸಿತು, ಮನೆಯ ಹೆಸರು ಉಳಿಯಿತು. ಈ ಹೆಸರುಗಳು ಅಂಚೆಯ ವಿಳಾಸದಲ್ಲಿ ಇರುವುದಿಲ್ಲ, ಬಾಗಿಲ ಮೇಲೆ ಬರೆದಿರುವುದಿಲ್ಲ. ಇಲ್ಲಿ ಹುಟ್ಟಿದವರ ಬಾಯಲ್ಲಷ್ಟೇ ಇವೆ. ಎದುರು ಸಾಲಿನ ಒಂದೊಂದು ಗೂಟವೂ ಒಂದೊಂದು ಮನೆಯದು. ಬಂದವರು ಮನೆಯ ಹೆಸರು ಹೇಳಿ ಹಲಗೆ ಒಯ್ಯುತ್ತಾರೆ. ಎಡದಿಂದ ನಾಲ್ಕನೆಯದು ಗಿರಣಿ ಮನೆಯ ಗೂಟ.

"ಮೊದಲನೇ ವರ್ಷ ನಂಗೆ ಬುದ್ಧಿ ಇರ್ಲಿಲ್ಲ" ಎಂದು ಅಜ್ಜ ನೆನೆಯುತ್ತಾರೆ. "ಬಡಗಿ ಮನೆ ಯಜಮಾನ್ರಿಗೆ ಬಿಲ್ಲೆ ಕೊಟ್ಬಿಟ್ಟೆ. ‘ಏನೋ ತಮೋ, ನಾನು ಯಾರು ಅಂತ ಮರ್ತೋಯ್ತಾ?’ ಅಂದ್ರು. ಆ ಹೊಸ ವರ್ಷಕ್ಕೆ ಅವರ ಮನೆಯಿಂದ ನಮಗೆ ಮೋಚಿ ಕಡುಬು ಬರ್ಲಿಲ್ಲ. ಊರವರಿಗೆ ಬಿಲ್ಲೆ ಕೊಡೋದು ಅಂದ್ರೆ ಅವರನ್ನ ಬಾಗಿಲಲ್ಲಿ ನಿಲ್ಸಿ ಹೆಸರು ಕೇಳಿದ ಹಾಗೆ. ಅವತ್ತೇ ಬಿಟ್ಟೆ."

ಹೊರಗಿನವರ ಹಲಗೆ ಅವರ ಕಾವಲಿನಲ್ಲಿ ಒಂದೂ ಕಳೆದಿಲ್ಲ. ಕಳೆದದ್ದು ಎದುರು ಸಾಲಿನದು.

ಗಿರಣಿ ಮನೆಯ ಚಿಗುಸಾ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಜಿಲ್ಲೆಯ ಸ್ಪರ್ಧೆಗೆ ವಾರವಷ್ಟೇ ಉಳಿದಿತ್ತು. ಅಲ್ಲಿ ಗೆದ್ದರೆ ನಿಗಾತಾದ ಕಾಲೇಜೊಂದು ತನ್ನ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿತ್ತು. ಅವಳ ಹಲಗೆ ಹಳದಿ ಬಣ್ಣದ್ದು, ಓಟಕ್ಕೆಂದೇ ಮಾಡಿಸಿದ್ದು. ಅಂಚನ್ನು ಅವಳೇ ದಿನವೂ ಮಸೆಯುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ಊಟಕ್ಕೆಂದು ಬಂದವಳು ಹಲಗೆಯನ್ನು ತನ್ನ ಮನೆಯ ಗೂಟಕ್ಕೆ ಒರಗಿಸಿ, "ಅಜ್ಜ, ಇದನ್ನ ನೋಡ್ಕೊಳ್ಳಿ. ಇದು ನಿಮಗಿಂತ ಜೋರು ಓಡುತ್ತೆ, ಹುಷಾರು" ಎಂದು ತಮಾಷೆ ಮಾಡಿ ಒಳಗೆ ಹೋದಳು.

ಅಜ್ಜ ಆಗ ಒಂದು ಮಗುವಿನ ಬೂಟಿನ ಬಕಲ್ ಮೇಲೆ ಬಿಸಿನೀರು ಹನಿಸುತ್ತಾ ಮೊಣಕಾಲೂರಿ ಕೂತಿದ್ದರು. ಬಕಲ್ ಹಿಮಗಟ್ಟಿತ್ತು, ಮಗು ಅಳುತ್ತಿತ್ತು. ಬೆನ್ನ ಹಿಂದೆ ಒಂದು ಗಂಡಸಿನ ದನಿ ಕೇಳಿತು.

"ತಮೋ ಅಜ್ಜ, ಗಿರಣಿ ಮನೇದು ಒಯ್ತೀನಿ."

"ಹೂಂ, ಒಯ್ಯಿ" ಎಂದರು ಅಜ್ಜ. ತಲೆ ಎತ್ತಲಿಲ್ಲ.

ಬಕಲ್ ಬಿಚ್ಚಿಕೊಂಡ ಮೇಲೆ ನೋಡಿದರೆ ಜನರ ನಡುವೆ ದೂರ ಹೋಗುತ್ತಿದ್ದ ಒಂದು ಬೆನ್ನು, ಹೆಗಲ ಮೇಲೆ ಹಳದಿ ಹಲಗೆ. ಅವಳ ಚಿಕ್ಕಪ್ಪನಿರಬೇಕು ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಚಿಗುಸಾ ಬಾಯಿ ಒರೆಸಿಕೊಳ್ಳುತ್ತಾ ಬಂದು ಖಾಲಿ ಗೂಟದ ಮುಂದೆ ನಿಂತಳು. ಚಿಕ್ಕಪ್ಪ ಆ ದಿನ ಊರಲ್ಲೇ ಇರಲಿಲ್ಲ.

ಸಂಜೆ ಪೊಲೀಸರು ಬಂದರು. ಮುಖ ನೋಡಿದಿರಾ ಎಂದರು. ಇಲ್ಲ. ಎತ್ತರ? ಸಾಧಾರಣ. ಏನಾದರೂ ಮಾತಾಡಿದನೇ?

ಕಥೆ ಇಲ್ಲಿಗೆ ಬಂದಾಗಲೆಲ್ಲ ಅಜ್ಜ ಒಲೆಯ ಬತ್ತಿ ಸರಿಮಾಡುತ್ತಾರೆ. ಅದು ಸರಿಯಾಗಿಯೇ ಇರುತ್ತದೆ.

"ಪೊಲೀಸ್‌ನವನ ಹಿಂದೆ ಎಲ್ಲರೂ ನಿಂತಿದ್ರು. ಬಡಗಿ ಮನೆಯವರು, ಮೇಲಿನ ಮನೆಯವರು, ನನ್ನ ತಮ್ಮನ ಮಕ್ಕಳು. ನಾನು ಹುಟ್ಟಿದಾಗಿಂದ ನೋಡಿದ ಮುಖಗಳು. ಅವನು ಮನೆ ಹೆಸರು ಹೇಳ್ದ, ನನ್ನನ್ನ ತಮೋ ಅಜ್ಜ ಅಂದ, ನಮ್ಮ ಥರಾನೇ ರಾಗ ಎಳೆದ ಅಂತ ಹೇಳಿದ್ರೆ ಏನಾಗುತ್ತೆ? ಆ ಮುಖಗಳಲ್ಲಿ ಒಂದು ಅಂತ ಆಗುತ್ತೆ. ಮಾತು ನಾಲಿಗೆ ತನಕ ಬಂದಿತ್ತು. ‘ಏನೂ ಹೇಳ್ಲಿಲ್ಲ ಸ್ವಾಮಿ’ ಅಂದ್ಬಿಟ್ಟೆ."

ಊರಿನವನಲ್ಲ ಎಂದಾದ ಮೇಲೆ ಹೊರಗಿನವನೇ ಆಗಬೇಕಾಯಿತು. ಬಸ್ಸಿನಲ್ಲಿ ಬಂದವರು ಬಸ್ಸಿನಲ್ಲೇ ಹೋಗಿದ್ದರು. ಅವರ ಸಾಮಾನೆಲ್ಲ ಚಾಲಕನ ಕಣ್ಣೆದುರೇ ಹತ್ತಿತ್ತು. ಉಳಿದವನು ಚಿಯೆನ್.

ಚಿಯೆನ್ ತೈವಾನಿನ ಹುಡುಗ. ಎರಡು ಚಳಿಗಾಲ ನಮ್ಮಲ್ಲಿ ಲಿಫ್ಟಿನ ಕೆಲಸಕ್ಕಿದ್ದ. ಸೀಟಿನ ಮೇಲಿನ ಹಿಮ ಒರೆಸಿ ಜನರನ್ನು ಕೂರಿಸಿ ಕಳಿಸುವುದು. ಇಲ್ಲಿಗೆ ಬರುವ ಮುಂಚೆ ಹಿಮವನ್ನೇ ಕಂಡವನಲ್ಲ. ಮೊದಲ ದಿನ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಸಕ್ಕರೆ ಹಾಕೋದು ಮರೆತಿದ್ದಾರೆ" ಎಂದನಂತೆ. ನಮ್ಮ ಭಾಷೆಯನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದ. ಚಿಗುಸಾ ಲಿಫ್ಟ್ ಹತ್ತುವಾಗಲೆಲ್ಲ "ಬೀಳದೆ ಬಾ!" ಎಂದು ಕೂಗುತ್ತಿದ್ದ. ಆ ಭಾನುವಾರ ಮಧ್ಯಾಹ್ನ ಅವನಿಗೆ ಬಿಡುವಿತ್ತು, ಕೋಣೆಯಲ್ಲಿ ಮಲಗಿದ್ದೆ ಎಂದ. ನೋಡಿದವರು ಯಾರೂ ಇರಲಿಲ್ಲ.

ಅವನನ್ನು ಯಾರೂ ಕಳ್ಳ ಎನ್ನಲಿಲ್ಲ. ನಮ್ಮೂರಿನಲ್ಲಿ ಹಾಗೆ ಬಾಯಿಬಿಟ್ಟು ಅನ್ನುವ ರೂಢಿಯಿಲ್ಲ. ಸುಮ್ಮನೆ ಒಂದು ಶಾಸ್ತ್ರಕ್ಕೆ ಎಂದು ಹೇಳಿ ಮ್ಯಾನೇಜರ್ ಅವನ ಕೋಣೆ ನೋಡಿದರು. ಅವನು ಬ್ಯಾಗಿನಲ್ಲಿದ್ದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಚಾಪೆಯ ಮೇಲೆ ಹರಡಿದ. ಆಮೇಲೆ ಒಂದೊಂದಾಗಿ ಮಡಚಿ ಒಳಗಿಟ್ಟ. ಹಲಗೆ ಆ ಬ್ಯಾಗಿನಲ್ಲಿ ಹಿಡಿಸುವಂತೆಯೇ ಇರಲಿಲ್ಲ. ಅವತ್ತಿನಿಂದ ಎಲ್ಲರೂ ಒಟ್ಟಿಗೆ ಮೀಯುವ ಸ್ನಾನದ ಮನೆಗೆ ಅವನು ಬಂದರೆ ಒಳಗಿದ್ದವರು ಬೇಗ ಬೇಗ ಎದ್ದು ಬರುತ್ತಿದ್ದರು. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಕೂರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ, ಸೀಸನ್ ಮುಗಿಯುವ ಮುಂಚೆಯೇ, ಅವನು ಬೆಳಗಿನ ಬಸ್ಸಿಗೆ ಹೊರಟ.

ತಮೋತ್ಸು ಅಜ್ಜ ಬಸ್ ನಿಲ್ದಾಣಕ್ಕೆ ಹೋದರು. ಫುಸಾಎ ಅಜ್ಜಿ ಮಾಡಿಕೊಟ್ಟ ಬಿಸಿ ಓಯಾಕಿಗಳನ್ನು ಅವನ ಕೈಗಿಟ್ಟರು. ಚಿಯೆನ್ ತಲೆಬಾಗಿ ತೆಗೆದುಕೊಂಡ. ಬಸ್ಸಿನ ದೀಪ ತಿರುವಿನಲ್ಲಿ ಕಾಣಿಸಿಕೊಂಡಾಗ ಕೇಳಿದ:

"ಹೊಶಿನಾ ಸಾನ್, ನಾನು ತಗೊಂಡಿಲ್ಲ ಅಂತ ನೀವಾದ್ರೂ ಹೇಳ್ತೀರಾ?"

"ನಾನು ಏನಂದೆ ಗೊತ್ತಾ?" ಎನ್ನುತ್ತಾರೆ ಅಜ್ಜ. "‘ಚಳಿ ಜೋರಿದೆ, ಕಿವಿ ಮುಚ್ಕೋ’ ಅಂದೆ. ಅವನು ಟೋಪಿ ಎಳ್ಕೊಂಡು ಕಿವಿ ಮುಚ್ಕೊಂಡ. ಹಾಗೇ ಬಸ್ ಹತ್ತಿದ. ಎರಡು ವರ್ಷ ಇದ್ರೂ ಅವನು ನಂಗೆ ಮರ್ಯಾದೆಯಿಂದ ಹೊಶಿನಾ ಸಾನ್ ಅಂತಾನೇ ಅಂತಿದ್ದ. ಊರಲ್ಲಿ ಇರೋರೆಲ್ಲ ಅವನಿಗೆ ಹೊಶಿನಾ ಸಾನೇ. ಗಿರಣಿ ಮನೆ ಅಂತ ಒಂದಿದೆ ಅನ್ನೋದೇ ಅವನಿಗೆ ಗೊತ್ತಿರ್ಲಿಲ್ಲ. ಅದು ನಂಗೆ ಅವತ್ತೂ ಗೊತ್ತಿತ್ತು."

ಹಿಮ ಕರಗುವ ಕಾಲಕ್ಕೆ ಅವರು ಮ್ಯಾನೇಜರ್ ಬಳಿ ಹೋಗಿ ಎಲ್ಲವನ್ನೂ ಹೇಳಿದರು. ಮ್ಯಾನೇಜರ್ ಚಹಾ ತರಿಸಿದರು. "ಈಗ ಯಾಕೆ ತಮೋ ಅಜ್ಜ? ಸೀಸನ್ ಮುಗೀತು. ನಾವು ನಾವು ದಿನಾ ಮುಖ ನೋಡ್ಬೇಕಲ್ವಾ?" ಎಂದರು. ಅಜ್ಜ ಠಾಣೆಗೂ ಹೋದರು. ಪೊಲೀಸರು ಬರೆದುಕೊಂಡು, ಧನ್ಯವಾದ ಹೇಳಿದರು. ಚಿಯೆನ್‌ನ ವಿಳಾಸವನ್ನು ಕಂಪನಿಯಲ್ಲಿ ಕೇಳಿದ್ದಕ್ಕೆ, ಕೆಲಸ ಬಿಟ್ಟವರ ವಿಳಾಸ ಕೊಡುವ ಹಾಗಿಲ್ಲ ಎಂಬ ಉತ್ತರ ಬಂತು.

ಚಿಗುಸಾ ಎರವಲು ಹಲಗೆಯಲ್ಲಿ ಸ್ಪರ್ಧೆಗೆ ಇಳಿದು, ಅರ್ಧ ದಾರಿಯಲ್ಲೇ ಬಿದ್ದಳು. ಈಗ ಕೆಳಗಿನ ಪಟ್ಟಣದಲ್ಲಿ ಅಣಬೆ ಪ್ಯಾಕಿಂಗಿಗೆ ಹೋಗುತ್ತಾಳೆ. ರಜೆಯ ದಿನ ಇಳಿಜಾರಿಗೆ ಬಂದರೆ ಅಜ್ಜನನ್ನು ಮಾತಾಡಿಸದೆ ಹೋಗುವುದಿಲ್ಲ. "ಅಜ್ಜ, ಮೂಗು ಸೋರ್ತಿದೆ, ಮೈಕ್‌ನಲ್ಲಿ ಕೂಗಿ ಹೇಳ್ಲಾ?" ಎಂದು ರೇಗಿಸುತ್ತಾಳೆ. ಈಗ ಬಳಸುವ, ಓಟಕ್ಕಲ್ಲದ ಹಳೆಯ ಹಲಗೆಯನ್ನು ಮಾತ್ರ ಗೂಟಕ್ಕೆ ಒರಗಿಸುವುದಿಲ್ಲ. ಹೆಗಲ ಮೇಲೆ ಹೊತ್ತುಕೊಂಡೇ ಕ್ಯಾಂಟೀನಿನೊಳಗೆ ಬರುತ್ತಾಳೆ, ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸುತ್ತಾಳೆ, ಅವಳಿಗೆ ಯಾರೂ ಬೇಡ ಅನ್ನುವುದಿಲ್ಲ. ಅವಳು ಹೋದ ಮೇಲೆ ನೆಲದ ಮೇಲೆ ಉದ್ದಕ್ಕೆ ನೀರು ನಿಂತಿರುತ್ತದೆ. ನಾನು ಒರೆಸುತ್ತೇನೆ.

ಒಮ್ಮೆ ಅವಳೇ ಹೇಳಿದಳು: "ಅಜ್ಜ ನಂಗೂ ಎಲ್ಲ ಹೇಳಿದ್ರು. ಅವ್ರ ಮೇಲೆ ಸಿಟ್ಟಿಲ್ಲ ಕಣೇ. ಆದ್ರೆ ಆ ಸಾಲಿನಲ್ಲಿ ನಿಂತ್ರೆ, ಪಕ್ಕದಲ್ಲಿ ಯಾರೇ ಹಲಗೆ ಇಡೋಕೆ ಬರ್ಲಿ, ಇವ್ರೇನಾ ಅನ್ಸುತ್ತೆ. ಚಿಕ್ಕಂದಿನಿಂದ ನನ್ನ ಎತ್ತಿ ಆಡಿಸಿದವರು. ಅವ್ರ ಮುಖ ಹಾಗೆ ನೋಡೋಕೆ ನಂಗಿಷ್ಟ ಇಲ್ಲ."

ಮುಂದಿನ ಚಳಿಗಾಲಕ್ಕೆ ಬೀಗದ ಸ್ಟ್ಯಾಂಡುಗಳು ಬರುತ್ತವೆ. ಫೋನ್ ತೋರಿಸಿದರೆ ಕಬ್ಬಿಣದ ಕೈ ಹಲಗೆಯನ್ನು ಹಿಡಿದುಕೊಳ್ಳುತ್ತದೆ, ಮತ್ತೆ ತೋರಿಸಿದರೆ ಬಿಡುತ್ತದೆ. ಊರಿನವರಿಗೆ ಬೇರೆ, ಹೊರಗಿನವರಿಗೆ ಬೇರೆ ಎಂದಿಲ್ಲ. ಗೂಡನ್ನು ಈ ವಸಂತದಲ್ಲೇ ಕೆಡವುತ್ತಾರೆ. ಅಜ್ಜನಿಗೆ ಅದರ ಮೇಲೆ ಕೋಪವಿಲ್ಲ. ನಮೂನೆಗೆಂದು ತಂದಿಟ್ಟ ಬೀಗವನ್ನು ಕೊಡತಿಯಿಂದ ತಟ್ಟಿ ನೋಡಿದರು. "ಒಳ್ಳೇದು. ಇದು ಯಾರ ಮನೆ ಅಂತ ಕೇಳಲ್ಲ" ಎಂದರು. ಮತ್ತೊಮ್ಮೆ ತಟ್ಟಿ, "ಇದಕ್ಕೆ ನಾಚಿಕೇನೂ ಇಲ್ಲ" ಎಂದರು.

ಅವರ ಬಗ್ಗೆ ಪೇಪರಿಗೆ ಬರೆಯಲೇ ಎಂದು ಕೇಳಲು ನನಗೆ ಇಡೀ ಚಳಿಗಾಲ ಬೇಕಾಯಿತು. ಕೇಳಿದಾಗ ಅವರು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಬರಿ ಮಗಾ. ನನ್ನ ಸೊಂಟದ ಕಥೆ ಎಲ್ಲ ಬೇಡ. ಚಿಯೆನ್ ಒಯ್ದಿಲ್ಲ ಅಂತ ಬರಿ. ಅವನು ಅಲ್ಲಿ ಕೂತು ನಮ್ಮ ಪೇಪರ್ ಓದ್ತಾನೋ ಇಲ್ವೋ. ಓದಿದ್ರೆ ಬೆರಳಿಟ್ಟು ನಿಧಾನಕ್ಕೆ ಓದ್ತಾನೆ. ಸಣ್ಣ ಸಣ್ಣ ಮಾತಲ್ಲಿ ಬರಿ."

ಚಿಯೆನ್ ಒಯ್ದಿಲ್ಲ.

ಹೋದ ಭಾನುವಾರ ಈ ಸೀಸನ್ನಿನ ಕೊನೆಯ ದಿನ. ಹಿಮ ಒದ್ದೆಯಾಗಿದೆ, ಇಳಿಜಾರಿನ ಬುಡದಲ್ಲಿ ಅಲ್ಲಲ್ಲಿ ಮಣ್ಣು ಕಾಣುತ್ತಿದೆ. ಟೋಕಿಯೊ ಬಸ್ಸುಗಳು ಹೊರಟುಹೋಗಿವೆ. ಸೀಸನ್ ಮುಗಿದದ್ದಕ್ಕೆ ಊರಿನವರು ಕ್ಯಾಂಟೀನಿನಲ್ಲಿ ಸೇರಿದ್ದಾರೆ. ಹಂದಿಮಾಂಸ ಹಾಕಿದ ಮಿಸೊ ಸಾರಿನ ದೊಡ್ಡ ಪಾತ್ರೆಯ ಮುಂದೆ ನಾನು ಸೌಟು ಹಿಡಿದು ನಿಂತಿದ್ದೇನೆ. ಎದುರು ಸಾಲಿನ ಗೂಟಗಳೆಲ್ಲ ತುಂಬಿವೆ, ಒಂದು ಬಿಟ್ಟು. ಚಿಗುಸಾ ಅಡುಗೆಮನೆಯ ಬಾಗಿಲಿಗೆ ಒರಗಿ ಬಟ್ಟಲು ಊದುತ್ತಿದ್ದಾಳೆ. ಅವಳ ಪಕ್ಕದಲ್ಲಿ ಅವಳ ಹಲಗೆ ತೊಟ್ಟಿಕ್ಕುತ್ತಿದೆ.

ಧ್ವನಿವರ್ಧಕ ಕರಕರ ಎನ್ನುತ್ತದೆ. ಒಂದು ನೀಲಿ ಕೈಗವಸು ಸಿಕ್ಕಿದೆ, ಎಡಗೈದು. ಒಂದು ಕನ್ನಡಕ, ಗಾಜಿಲ್ಲ. ಯಾರೋ "ಗಾಜಿಲ್ದೆ ಅದು ಹೇಗೆ ಕಾಣ್ತೋ ಅಜ್ಜಂಗೆ!" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ.

"ಇನ್ನೊಂದು ಇದೆ" ಎನ್ನುತ್ತದೆ ದನಿ. "ಹೋದ ವರ್ಷ ಗಿರಣಿ ಮನೆ ಹಲಗೆ ಒಯ್ದವರು ನನ್ನನ್ನ ತಮೋ ಅಜ್ಜ ಅಂತ ಕರೆದ್ರು. ಗಿರಣಿ ಮನೇದು ಒಯ್ತೀನಿ ಅಂದ್ರು. ನಾನು ಒಯ್ಯಿ ಅಂದೆ. ಇದನ್ನ ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಒಂದು ಹುಡುಗ ಊಟದ ಮೇಜಲ್ಲಿ ಒಬ್ಬನೇ ಕೂತು ಉಂಡು ಹೋದ."

ಬಡಗಿ ಮನೆಯವರು ಮೇಜಿನ ಮೇಲೆ ಚೆಲ್ಲಿದ ಸಾರನ್ನು ಬೆರಳಿನಿಂದ ಒರೆಸುತ್ತಾರೆ. ಮ್ಯಾನೇಜರ್ ಕಿಟಕಿಯತ್ತ ನೋಡುತ್ತಾರೆ. ಕೆಳಗೆ ಊರಿನ ಛಾವಣಿಗಳವರೆಗೂ ಅದೇ ದನಿ ಹೋಗಿ ಕೇಳಿಸುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಚಿಗುಸಾ ಬಟ್ಟಲನ್ನು ಕೆಳಗಿಡುತ್ತಾಳೆ.

ಕಿಟಕಿಯಿಂದ ಗೂಡು ಕಾಣುತ್ತದೆ. ಅಜ್ಜ ಮೈಕನ್ನು ಕೈಯಲ್ಲೇ ಹಿಡಿದುಕೊಂಡು, ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಾರೆ. ಅಲ್ಲಿ ಕೂತರೆ ಅವರಿಗೆ ಒಲೆಯಷ್ಟೇ ಕಾಣುತ್ತದೆ, ಎದುರು ಸಾಲು ಬೆನ್ನಿಗೆ ಬೀಳುತ್ತದೆ. ಅವರು ಹಾಗೇ ಕೂರುತ್ತಾರೆ. ಒಳಗೆ ಯಾರೂ ಏಳುವುದಿಲ್ಲ, ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಆಮೇಲೆ ಮತ್ತೆ ಆ ದನಿ:

"ಯಾರು ಅಂತ ಕೇಳಲ್ಲ. ತಂದು ಗೂಟಕ್ಕೆ ಒರಗಿಸಿಬಿಡಿ. ನಾನು ತಿರುಗಿ ನೋಡಲ್ಲ."